ನೆಗೆಣ್ಣಿಯ ಮ್ಯಾಗ್ನೀಸಿಯಂ ಪಟ್ಟಿ

ಅಟ್ಟ ಖಾಲಿ ಮಾಡುವಾಗ ತಗಡಿನ ಡಬ್ಬಿಯೊಂದು ಸಿಕ್ಕಿತು. ಒಳಗೆ ಮ್ಯಾಗ್ನೀಸಿಯಂ ಪಟ್ಟಿಯ ಸುರುಳಿ, ಬೂದಿ ಬಳಿದಂತೆ ಮಾಸಿತ್ತು. ಚಾಕುವಿನಿಂದ ಕೆರೆದೆ, ಕೆಳಗೆ ಬೆಳ್ಳಿಯ ಹೊಳಪು. ನನ್ನ ನೆಗೆಣ್ಣಿ, ಅಂದರೆ ಗಂಡನ ಅಣ್ಣನ ಹೆಂಡತಿ, ಕಣ್ಣ ಮುಂದೆ ಬಂದಳು...

ಭಾವನವರು ಶಹಾಬಜಾರದಲ್ಲಿ ಫೋಟೋ ತೆಗೆಯುತ್ತಿದ್ದರು. ಪರಗಂಡಸರಿಗೆ ಮುಖ ತೋರಿಸದ ಗೋಷಾದ ಹೆಂಗಸರ ಫೋಟೋ ಆಗಬೇಕಾದರೆ ಕ್ಯಾಮೆರಾ ಪೆಟ್ಟಿಗೆ ಹಿಡಿದು ಒಳಗೆ ಹೋಗುವವಳು ನೆಗೆಣ್ಣಿಯೇ. ಕತ್ತಲೆಯ ಕೋಣೆಯಲ್ಲಿ ಪಟ್ಟಿ ಉರಿಸಿ ಬೆಳಕು ಮಾಡುತ್ತಿದ್ದಳು. ಕಮಲಾಪುರದ ಸಿರಿವಂತರ ವಾಡೆಗೆ ಟಾಂಗಾದಲ್ಲಿ ಹೋಗಿ, ಕೆಂಪು ಬಾಳೆಗೊನೆಯ ಜೊತೆ ಹೊಗಳಿಕೆಯನ್ನೂ ಹೊತ್ತು ತರುತ್ತಿದ್ದಳು. ನಾನು ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದೆ.

ಡಬ್ಬಿ ಮುಟ್ಟಿದರೆ ಗದರುತ್ತಿದ್ದಳು. "ಹಸಿ ಕೈಲೆ ಮುಟ್ಟಬ್ಯಾಡ. ಇದು ಹತ್ತಿದ್ರ ನೀರಿಗಿ ಬಗ್ಗಂಗಿಲ್ಲ, ಒಣ ಉಸುಕ ಬೇಕು."

"ನಿನ್ನ ಒಡವಿ ಕದೀತೀನೇನಕ್ಕಾ?"

"ಒಡವಿ ಹೋದ್ರ ಮತ್ತ ಮಾಡಸಬಹುದು. ಕಣ್ಣು?"

ಅತ್ತೆ ಹಾಸಿಗೆ ಹಿಡಿದಾಗ, ಮನೆಯವರದೆಲ್ಲ ಒಂದು ಫೋಟೋ ಆಗಲಿ ಎಂದರು. ಅವರನ್ನು ಅಂಗಳಕ್ಕೆ ಒಯ್ಯುವಂತಿರಲಿಲ್ಲ. ನಡುಮನೆಯಲ್ಲಿ ಹಗಲೂ ಕತ್ತಲು. "ಹಿರೀ ಸೊಸಿ ನನ್ನ ಬಾಜೂಕ ಕೂಡಬೇಕು" ಎಂದು ಹಟ ಹಿಡಿದರು. ಆ ಜಾಗವೂ ಆಕೆಗೇ! ಆದರೆ ಅಂದು ಪಟ್ಟಿ ಹಿಡಿಯುವ ಇಕ್ಕಳ ನನ್ನ ಕೈಗೆ ಬಂತು.

"ಉರಿ ನೋಡಬ್ಯಾಡ, ಗ್ವಾಡಿ ನೋಡು. ಕುಡ್ಡಿ ಆದಿ ಅಂದ್ರ ನನ್ನ ಮೈದುನ ನನಗ ಬೈತಾನ" ಎಂದು ನೆಗೆಣ್ಣಿ ಕೂತಳು.

ಪಟ್ಟಿಯನ್ನು ಕೆರೆದು ದೀಪಕ್ಕೆ ಹಿಡಿದೆ. ಮೊದಲು ಹತ್ತಲೊಲ್ಲದು... ಆಮೇಲೆ ಒಮ್ಮೆಲೇ ಬೆಳ್ಳನೆಯ ಬೆಳಕು, ಗೋಡೆಯ ಸುಣ್ಣದ ಬಿರುಕೂ ಕಾಣುವಂಥದ್ದು. ಬಿಳಿ ಬೂದಿ ಕೆಳಗಿನ ಉಸುಕಿನ ತಾಟಿಗೆ ಉದುರಿತು. ನೋಡಿರಿ, ನನಗೂ ಬರುತ್ತದೆ ಎಂದು ಒಳಗೇ ಬೀಗಿದೆ.

ಭಾವನವರು ಫೋಟೋ ತೊಳೆದು ತಂದಾಗ, ಅದರಲ್ಲಿ ಎಲ್ಲರೂ ಕ್ಯಾಮೆರಾ ಪೆಟ್ಟಿಗೆಯ ಕಡೆಗೇ ನೋಡುತ್ತಿದ್ದರು. ನೆಗೆಣ್ಣಿ ಮಾತ್ರ ನನ್ನ ಕಡೆ ಹೊರಳಿ, ಅರ್ಧ ಎದ್ದಿದ್ದಳು. ಚಾಚಿದ ಕೈ ಮಸುಕಾಗಿತ್ತು.

"ಇಷ್ಟ ಮಂದಿ ಸುಮ್ಮ ಕುಂತಾರ, ನಿನಗಷ್ಟ ಏನಾಗಿತ್ತು?" ಎಂದು ಅತ್ತೆ ಬೈದರು. ನನಗೆ ಹಿಗ್ಗೋ ಹಿಗ್ಗು. ಆಕೆ ಆಮೇಲೆ ಅಡುಗೆಮನೆಯಲ್ಲಿ ನನ್ನೊಬ್ಬಳಿಗೇ ಹೇಳಿದಳು: "ನಿನ್ನ ಸೆರಗು ಉರಿ ಕೆಳಗ ಜಾರಿತ್ತು, ಹುಚ್ಚಿ."

ಅತ್ತೆಯದು ಉಳಿದಿರುವುದು ಅದೊಂದೇ ಫೋಟೋ. ನೆಗೆಣ್ಣಿಯೂ ಮಣ್ಣಾಗಿ ವರ್ಷಗಳಾದವು. ಮನೆಗೆ ಬಂದವರು ಮೊದಲು ಆಕೆಯನ್ನೇ ತೋರಿಸಿ, "ಈಕಿ ಯಾರ್ರೀ, ಯಾರನ್ನ ನೋಡಾಕತ್ತಾಳ?" ಎಂದು ಕೇಳುತ್ತಾರೆ. ಅಷ್ಟು ಚೆಂದದ ಬೆಳಕು ಯಾರು ಹಿಡಿದಿದ್ದರೆಂದು ಒಬ್ಬರೂ ಕೇಳುವುದಿಲ್ಲ. ಕೇಳದಿದ್ದರೂ ನನ್ನ ಹೆಸರು ಹೇಳಬಲ್ಲವಳು ಆಕೆಯೊಬ್ಬಳೇ ಇದ್ದಳು...