ಆಗಸ್ಟ್‌ನಲ್ಲಿ ಹೊರಡುವ ಹಡಗು

ಮಯಾಮಿ ಪಕ್ಕದ ಹಯಲೀಯಾ ಊರಿನ ಒಡಾಲಿಸ್ ಫೆರೇರೊ ಹತ್ತೊಂಬತ್ತು ವರ್ಷ ಫೋನಿನಲ್ಲೇ ಸಮುದ್ರ ಮಾರಿದವಳು. ಮಯಾಮಿಯ ವಿಹಾರದ ಹಡಗುಗಳಿಗೆ ಕೋಣೆ ಕಾಯ್ದಿರಿಸುವ ಕೆಲಸ. ಸ್ವತಃ ಒಮ್ಮೆಯೂ ಹಡಗು ಹತ್ತಿರಲಿಲ್ಲ. ಆದರೂ ಯಾವ ಕೋಣೆಯ ಕಿಟಕಿಗೆ ಸೂರ್ಯೋದಯ ಕಾಣುತ್ತದೆಂಬುದು ಬಾಯಿಪಾಠವಾಗಿತ್ತು.

ಮಾರ್ಚ್‌ನಲ್ಲಿ ಕೊರೊನಾ ಬಂದು ಹಡಗುಗಳು ಲಂಗರು ಹಾಕಿದ ಮೇಲೆ ಅಡುಗೆಮನೆಯ ಮೇಜೇ ಅವಳ ಕಚೇರಿಯಾಯಿತು. ಹಡಗು ಮತ್ತೆ ಹೊರಡುವುದು ಯಾವಾಗ ಎಂದರೆ ಕಂಪನಿ ಮೊದಲು ಮೇ ಎಂದಿತು, ಆಮೇಲೆ ಜೂನ್, ಆಮೇಲೆ ಆಗಸ್ಟ್. ಗಿರಾಕಿಗಳಿಗೆ 'ರದ್ದು' ಅನ್ನಬಾರದು, 'ಸಣ್ಣ ವಿರಾಮ' ಅನ್ನಬೇಕೆಂದು ಬರೆದು ಕಳಿಸಿತು. ಹಾಗೆ ಅನ್ನುವಾಗಲೆಲ್ಲ ಒಡಾಲಿಸ್‌ಗೆ ಹಳಸಿದ್ದನ್ನು ಬಾಯಿಗಿಟ್ಟಂತೆ ಆಗುತ್ತಿತ್ತು.

ಜುಲೈನ ಒಂದು ಬೆಳಿಗ್ಗೆ ಕಂಪನಿಯ ಪತ್ರ ಬಂತು: ಈ ವರ್ಷ ಯಾವ ಹಡಗೂ ಹೊರಡುವುದಿಲ್ಲ, ಗಿರಾಕಿಗಳು ಟಿಕೆಟ್ಟಿನ ಕೊನೆಯ ಕಂತು ಕಟ್ಟುವ ದಿನ ದಾಟುವ ತನಕ ಅವರಿಗೆ ಹೇಳಕೂಡದು. ಅದನ್ನು ಓದಿ ಮುಗಿಸುವಷ್ಟರಲ್ಲಿ ಒಕಾಲಾ ಊರಿನ ನಿವೃತ್ತ ಅಂಚೆಯವ ವೆಂಡೆಲ್ ಪ್ರೂಟ್ ಫೋನ್ ಮಾಡಿದ. ಕಾಯ್ದಿರಿಸಿದ ಹಡಗು ಹೋಗುತ್ತಾ ಎಂದು ಅವನು ಕೇಳುತ್ತಿದ್ದುದು ಇದು ನಾಲ್ಕನೆಯ ಸಲ. ಅವನ ಹೆಂಡತಿಗೆ ಕ್ಯಾನ್ಸರ್. ಸುತ್ತ ಎಲ್ಲೂ ನೆಲ ಕಾಣದಂಥ ನೀರಿನ ನಡುವೆ ಒಮ್ಮೆ ನಿಲ್ಲಬೇಕೆಂದು ಆಕೆಯ ಆಸೆ.

"ಆಗಸ್ಟ್ ಗ್ಯಾರಂಟಿ ತಾನೇ ಅಮ್ಮಾ? ಇವಳು ಹಡಗು ಹತ್ತಿ ಬಂದ್ಮೇಲೇ ಔಷಧಿ ಶುರು ಮಾಡಿಸ್ಕೊಳ್ತೀನಿ ಅಂತಾಳೆ."

ಒಡಾಲಿಸ್ ಆ ಪತ್ರವನ್ನು ಮಗುಚಿಟ್ಟಳು.

"ಹೋಗಲ್ಲ ಸರ್. ಈ ವರ್ಷ ಒಂದೂ ಹೋಗಲ್ಲ. ನಾಳೇನೇ ಔಷಧಿ ಶುರು ಮಾಡ್ಸಿ."

"ಮತ್ತೆ ಮೂರು ಸಲಾನೂ ಹೋಗುತ್ತೆ ಅಂದಿದ್ದು ನೀವೇ ಅಲ್ವಾ?"

"ನಾನೇ."

"ಥೂ ನಿಮ್ಮ!" ಎಂದು ಆತ ಫೋನ್ ಕುಕ್ಕಿದ.

ಮಧ್ಯಾಹ್ನ ಮೇಲಧಿಕಾರಿ ಕರ್ಟ್ ಕರೆ ಮಾಡಿದ. ಪ್ರೂಟ್ ಜೊತೆಗಿನ ಮಾತೆಲ್ಲ ಕಂಪನಿಯಲ್ಲಿ ರೆಕಾರ್ಡ್ ಆಗಿತ್ತು.

"ಅವರಿಗೆ ಫೋನ್ ಮಾಡಿ, ತಪ್ಪು ಹೇಳ್ಬಿಟ್ಟೆ ಅನ್ನಿ ಮೇಡಂ. ಅಷ್ಟೇ. ಕೆಲಸ ಉಳಿಯುತ್ತೆ."

"ನಾನು ಹೇಳಿದ್ರಲ್ಲಿ ಯಾವ್ದು ತಪ್ಪು?"

"ತಪ್ಪು-ಸರಿ ಪ್ರಶ್ನೆ ಅಲ್ಲ..."

"ಆ ಹೆಂಗಸು ಔಷಧಿ ಶುರು ಮಾಡ್ದೆ ಕಾಯ್ತಿದಾಳಪ್ಪಾ! ನಿನಗೆ ಊಟ ಸೇರುತ್ತಾ?"

ಅವನು ಗಂಟಲು ಸರಿಮಾಡಿಕೊಂಡು ಅದೇ ಮಾತನ್ನು ಮತ್ತೆ ಹೇಳಿದ. ಒಡಾಲಿಸ್ ಕಿವಿಯ ಹೆಡ್‌ಫೋನ್ ಕಿತ್ತು ಕಸದ ಬುಟ್ಟಿಗೆ ಎಸೆದಳು.

ಈಗ ಅಕ್ಕನ ಬೇಕರಿಯಲ್ಲಿ ಸೀಬೆಹಣ್ಣಿನ ಹೂರಣದ ಪಫ್ ಮಾರುತ್ತಾಳೆ. "ಹತ್ತೊಂಬತ್ತು ವರ್ಷದ ಕೆಲಸ ಕಣೇ, ಬೇಜಾರಿಲ್ವಾ?" ಎಂದು ಅಕ್ಕ ಕೇಳಿದಳು.

"ಬಿಟ್ಟಿದ್ದಕ್ಕಿಲ್ಲ," ಎಂದಳು ಒಡಾಲಿಸ್. "ಮಾರ್ಚ್‌ನಲ್ಲೇ ಬಿಡ್ಲಿಲ್ವಲ್ಲ, ಅದಕ್ಕೆ ನನ್ನ ಕಂಡ್ರೆ ನನಗೇ ಹೇಸಿಗೆ."