ಕೊನೆಯ ದೃಶ್ಯದಲ್ಲಿ ಮಾತಿಲ್ಲ

"ಮುಂದ ಏನಾತೋ? ಸಪ್ಪಳನ ಇಲ್ಲಲ್ಲ!" ಅಜ್ಜಿ ನನ್ನ ತೋಳು ಹಿಡಿದು ಅಲುಗಿಸಿದಳು.

ವಾರಕ್ಕೊಂದು ಕಥೆಯ ಹಿಂದಿ ಸಸ್ಪೆನ್ಸ್ ಧಾರಾವಾಹಿಯಲ್ಲಿ ನನಗೆ ಅತಿ ಪ್ರಿಯವಾದ ಆ ಕಂತಿನ ಕೊನೆಗೆ ಮಾತಿಲ್ಲ, ಕೊಲೆಗಾರನ ಮುಖವಷ್ಟೇ ತೋರಿಸುತ್ತಾರೆ. ಪೊರೆ ಬಂದ ಅಜ್ಜಿಯ ಕಣ್ಣಿಗೆ ಅದು ಕಾಣಲಿಲ್ಲ. ಆಕೆಯನ್ನು ಆಪರೇಷನ್ನಿಗೆ ಒಪ್ಪಿಸಲು ಹೋಗಿ, ಚರ್ಚಾಸ್ಪರ್ಧೆಗಳಲ್ಲಿ ಗೆದ್ದ ನನ್ನ ವಾದಗಳೆಲ್ಲ ಆಗಲೇ ಸೋತಿದ್ದವು.

"ನಾ ಹೇಳಂಗಿಲ್ಲ. ಕಣ್ಣು ಮಾಡಿಸ್ಕೊ, ಮರುಪ್ರಸಾರದಾಗ ನೀನ ನೋಡು," ಎಂದೆ.

ಅಜ್ಜಿ ಪಕ್ಕದ ಮನೆಯ ಮರಾಠಿ ಮಾವಶಿಯನ್ನು ಕೇಳಿದಳು. "ನಾಹೀ ಸಾಂಗಣಾರ, ಆಜೀ!" ಎಂದು ಆಕೆಯೂ ಹೇಳಲು ಒಪ್ಪಲಿಲ್ಲ. ಪುಣೆಯ ಖಡಕಿಯ ನಮ್ಮ ಚಾಳಿನ ಮನೆಗಳಲ್ಲಿ ಯಾರೂ ಬಾಯಿ ಬಿಡದಂತೆ ನಾನು ಮೊದಲೇ ತಾಕೀತು ಮಾಡಿದ್ದೆ. ಕೊನೆಗೆ ಅಜ್ಜಿ ಸಿಟ್ಟಿನಲ್ಲೇ ಆಸ್ಪತ್ರೆಗೆ ಹೊರಟಳು.

ಮರುಪ್ರಸಾರದಲ್ಲಿ ಆ ಮುಖ ಕಂಡೊಡನೆ ಗೊಣಗಿದಳು: "ಇವನ ಅಂತ ನನಗ ಗೊತ್ತಿತ್ತು. ಇಷ್ಟಕ್ಕ ಕಣ್ಣು ಕೊಯ್ಸಿದೇನೋ?"

ಗೊತ್ತಿತ್ತು ಎನ್ನಲು ಪುರಾವೆ ಏನೆಂದು ನಾನು ಕೇಳಲಿಲ್ಲ. ಈಗ ವಾರವಾರವೂ ನನಗಿಂತ ಮೊದಲು ಟಿ.ವಿ. ಮುಂದೆ ಕೂರುವವಳು ಅವಳೇ.