ಅಕ್ಕೋರು ದ್ವೀಪಕ್ಕೆ ಇಳಿದ ದಿನ

ಮೊನ್ನೆ ನಿಮ್ಮಲ್ಲಿ ಯಾರೋ ಜಗಲಿಯ ಮೇಲೆ ಕೂತು ಕಿತ್ತಳೆ ಸುಲಿಯುತ್ತಿದ್ದಿರಿ. ಸಿಪ್ಪೆಯ ಘಾಟು ಅಡುಗೆಮನೆಯವರೆಗೆ ಬಂತು. ನಾನು ಸೌಟು ಹಿಡಿದವಳು ಹಾಗೇ ನಿಂತುಬಿಟ್ಟೆ. ಕಾಲ ಕೆಳಗಿನ ನೆಲ ಒಂದು ಗಳಿಗೆ ತೂಗಿದ ಹಾಗಾಯಿತು... ಸುತ್ತ ಎತ್ತ ನೋಡಿದರೂ ನೀರೇ ಇರುವ ಕಡೆ, ಹೊಟ್ಟೆ ತೊಳಸಿ ಬಂದಾಗಲೆಲ್ಲ ನನ್ನ ಮೂಗಿಗೆ ಕಿತ್ತಳೆ ಸಿಪ್ಪೆ ಹಿಂಡುತ್ತಿದ್ದ ಒಂದು ಕೈ ಕಣ್ಣ ಮುಂದೆ ಬಂತು.

ನಿಮ್ಮಜ್ಜಿ ಹಡಗು ಹತ್ತಿದವಳು ಎಂದರೆ ನೀವು ನಗುತ್ತೀರಿ. ಅಂಗಡಿಗೆ ಹೋದರೂ ಬೇಕಾದ್ದನ್ನು ಬಾಯಿಬಿಟ್ಟು ಕೇಳದೆ ಬೆರಳು ತೋರಿಸಿ ತರುವವಳು ನಾನು. ಆದರೂ ಹತ್ತಿದ್ದೆ. ಹತ್ತಿಸಿದವರು ಎದುರು ಮನೆಯ ಅಕ್ಕೋರು.

ಶಾಲೆಯಲ್ಲಿ ಕಲಿಸುವ ಹೆಂಗಸರನ್ನು ನಮ್ಮ ಕಡೆ ಅಕ್ಕೋರು ಅಂತಲೇ ಕರೆಯುವುದು. ನಾನು ಸೊರಬದ ಹಳ್ಳಿಯಿಂದ ಶಿಕಾರಿಪುರಕ್ಕೆ ಸೊಸೆಯಾಗಿ ಬಂದಾಗ ಅವರು ಆಗಲೇ ಎದುರು ಮನೆಯಲ್ಲಿ ಒಬ್ಬರೇ ಇದ್ದರು. ಮದುವೆಯಾಗಿರಲಿಲ್ಲ. ದಿನವೂ ಬಸ್ಸಿನಲ್ಲಿ ಉಡುತಡಿ ಕಡೆಯ ಶಾಲೆಗೆ ಹೋಗಿ, ಸಂಜೆ ಸೆರಗಿನ ತುಂಬ ಸೀಮೆಸುಣ್ಣದ ಪುಡಿ ಹೊತ್ತು ಬರುತ್ತಿದ್ದರು. ಬಂದವರೇ ನಮ್ಮ ಜಗಲಿಯಲ್ಲಿ ಕೂತು ಕಾಲು ನೀಡುತ್ತಿದ್ದರು. ನಾನು ಚಹಾ ತಂದು ಕೊಡುತ್ತಿದ್ದೆ. ಅವರು ಮಾತಾಡುತ್ತಿದ್ದರು, ನಾನು ಕೇಳುತ್ತಿದ್ದೆ. ಹೊಂದಿಕೊಂಡು ಹೋಗಲು ಇಬ್ಬರಿಗೂ ಅಷ್ಟು ಸಾಕಿತ್ತು.

ಅವರ ಮನಸ್ಸಿನಲ್ಲಿ ಬಹಳ ವರ್ಷಗಳಿಂದ ಒಂದು ಮುಳ್ಳು ಉಳಿದಿತ್ತು. ಪ್ರತಿ ವರ್ಷ ಸಣ್ಣ ಮಕ್ಕಳಿಗೆ ದ್ವೀಪದ ಪಾಠ ಮಾಡಬೇಕು. ಹಲಗೆಯ ಮೇಲೆ ಹಲಸಿನ ಬೀಜದಂಥ ಒಂದು ಆಕಾರ ಬರೆದು, ಸುತ್ತ ಅಲೆ ಎಳೆದು, ನಾಲ್ಕೂ ಕಡೆ ನೀರಿರುವ ಭೂಮಿಯೇ ದ್ವೀಪ ಎಂದು ಹೇಳಿಸಬೇಕು. ಒಮ್ಮೆ ಒಂದು ಹುಡುಗಿ ಎದ್ದು ನಿಂತು, "ಅಕ್ಕೋರ, ನಾಲ್ಕೂ ಕಡೀ ನೀರು ಇರೋದು ನೀವು ನೋಡೀರೇನ್ರಿ?" ಎಂದು ಕೇಳಿದಳಂತೆ.

"ಇಲ್ಲವ್ವಾ ಅಂದೆ. ಆಮೇಲೆ ಆವತ್ತು ಪಾಠ ಮುಂದಕ್ಕ ಹೋಗ್ಲೇ ಇಲ್ಲ ತಂಗಿ" ಎನ್ನುತ್ತಿದ್ದರು. "ನಾ ನೋಡಲಾರದ್ದನ್ನ ಎಷ್ಟು ಮಕ್ಕಳ ಕೈಲೆ ನೋಡಿದಂಗ ಹೇಳಿಸೀನಿ ನೋಡು."

ತೊಂಬತ್ತರ ದಶಕದಲ್ಲಿ ಅವರು ನಿವೃತ್ತರಾದರು. ಅದೇ ವರ್ಷ ಶಿವಮೊಗ್ಗದ ಕಡೆಯ ನಿವೃತ್ತ ಮೇಷ್ಟ್ರುಗಳೆಲ್ಲ ಸೇರಿ ಅಂಡಮಾನಿಗೆ ಪ್ರವಾಸ ಹೊರಡಿಸಿದರು. ಮದ್ರಾಸಿನಿಂದ ದೊಡ್ಡ ಹಡಗು. ಅಲ್ಲಿಗೆ ಮುಟ್ಟಿದ ಮೇಲೆ ಇನ್ನೊಂದು ಸಣ್ಣ ಹಡಗು. ಊಟ ನಿದ್ದೆ ಎಲ್ಲ ಅದರಲ್ಲೇ. ಅದು ಜನರಿಲ್ಲದ ದೂರದ ದ್ವೀಪಗಳ ನಡುವೆ ಸುತ್ತುತ್ತದೆ, ಕೊನೆಗೆ ರಾಷ್ಟ್ರೀಯ ಉದ್ಯಾನವೆಂದು ಕಾಯ್ದಿಟ್ಟ ಒಂದು ಪುಟ್ಟ ದ್ವೀಪದಲ್ಲಿ ಇಳಿಸುತ್ತದೆ ಎಂದು ಹೇಳಿದ್ದರು. ಅಕ್ಕೋರು ಹೆಸರು ಕೊಟ್ಟೇಬಿಟ್ಟರು. ಆದರೆ ಅಷ್ಟು ವರ್ಷ ನಿಂತು ಪಾಠ ಮಾಡಿ ಅವರ ಮೊಣಕಾಲು ಎರಡೂ ಬಾತಿದ್ದವು. ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯಬೇಕಿತ್ತು.

ಒಂದು ಸಂಜೆ ಬಂದು ನಿಮ್ಮಜ್ಜನನ್ನು ನೇರವಾಗಿ ಕೇಳಿದರು. "ನಿಮ್ಮ ಮನಿಯವ್ರನ್ನ ನನ್ನ ಜೊತಿ ಕಳಸ್ರಿ. ಹತ್ತಾಕ ಇಳ್ಯಾಕ ನನಗೊಂದು ಹೆಗಲು ಬೇಕು."

ನಿಮ್ಮಜ್ಜ ನಕ್ಕರು. "ಅಕ್ಕೋರ, ಸೊರಬದ ಬಸ್ ಹತ್ತಿದ್ರೇ ಅಕಿಗೆ ವಾಂತಿ. ಸಮುದ್ರದಾಗ ಏನ್ ಮಾಡ್ಯಾಳ್ರಿ?"

"ಸಮುದ್ರದಾಗೂ ವಾಂತೀನೇ ಮಾಡ್ಲಿ. ಅಲ್ಲಿ ತೊಳಿಯೋ ಕೆಲಸ ಇಲ್ಲ."

ನಿಮ್ಮಜ್ಜ ಆ ಮಾತಿಗೇ ಸೋತು ಹ್ಞೂಂ ಅಂದರು. ನಾನು ಬಾಗಿಲ ಹಿಂದೆ ನಿಂತಿದ್ದೆ. ಹೆದರಿಕೆಯೇನೋ ಇತ್ತು. ಆದರೆ ಒಳಗೆ ಏನೋ ಒಂದು ಕರುವಿನ ಹಾಗೆ ಕುಣಿಯುತ್ತಿತ್ತು.

ಹೊರಡುವುದು ದಸರೆಯ ಆಸುಪಾಸಿಗೆ ಬಂತು. ಹಾಗಾಗಿ ಭೂಮಿ ಹುಣ್ಣಿಮೆ ಸಮುದ್ರದ ಮೇಲೇ ಬರುವುದಿತ್ತು. ನಿಮಗೆ ಈಗ ಅದು ಅಷ್ಟಾಗಿ ಗೊತ್ತಿಲ್ಲ. ಗದ್ದೆಯಲ್ಲಿ ಭತ್ತ ಹೊಡೆ ತುಂಬಿ ನಿಂತಿರುವ ಕಾಲ ಅದು. ಭೂಮ್ತಾಯಿ ಬಸುರಿ ಎಂದು ನಮ್ಮ ತವರಿನಲ್ಲಿ ಆವತ್ತು ಅವಳ ಬಯಕೆಯ ಊಟ ಮಾಡುತ್ತಾರೆ. ಕೆಮ್ಮಣ್ಣು ಬಳಿದು, ಅಕ್ಕಿಹಿಟ್ಟಿನಲ್ಲಿ ಚಿತ್ತಾರ ಬರೆದ ಬುಟ್ಟಿಯಲ್ಲಿ ಅಡುಗೆ ಒಯ್ದು ಗದ್ದೆಗೆಲ್ಲ ಬೀರುತ್ತಾರೆ. ಅದಕ್ಕೆ ಚರಗ ಎನ್ನುತ್ತೇವೆ. ಹುಟ್ಟಿದಾಗಿನಿಂದ ಒಂದು ವರ್ಷವೂ ನಾನು ಅದನ್ನು ಬಿಟ್ಟವಳಲ್ಲ. ಪುಟ್ಟ ಬುಟ್ಟಿಯೊಂದಕ್ಕೆ ಚಿತ್ತಾರ ಬರೆದು, ಎಳ್ಳು ಹೋಳಿಗೆ, ಬೆಲ್ಲ, ಒಣಕೊಬ್ಬರಿ ಕಟ್ಟಿಕೊಂಡೆ.

"ಸಮುದ್ರದಾಗ ಗದ್ದಿ ಎಲ್ಲಿ ಹುಡುಕ್ತೀಯವ್ವಾ?" ಎಂದು ಅಕ್ಕೋರು ನಕ್ಕರು.

"ಭೂಮಿ ಎಲ್ಲಾದರೂ ಇರ್ತದಲ್ರೀ" ಎಂದೆ.

ದೊಡ್ಡ ಹಡಗಿನಲ್ಲಿ ಮೊದಮೊದಲು ನಾನು ತಲೆ ಎತ್ತಲಿಲ್ಲ. ಅಕ್ಕೋರು ಮೂಗಿಗೆ ಹಿಂಡುತ್ತಿದ್ದ ಕಿತ್ತಳೆ ಸಿಪ್ಪೆಯ ವಾಸನೆಯ ಮೇಲೇ ಬದುಕಿದ್ದೆ. ಆಮೇಲೆ ಒಂದು ಬೆಳಿಗ್ಗೆ ಅಕ್ಕೋರು ನನ್ನ ರಟ್ಟೆ ಹಿಡಿದು ಮೇಲಿನ ಡೆಕ್ಕಿಗೆ ಎಳೆದುಕೊಂಡು ಹೋದರು. ನೀರಿನಿಂದ ಮೀನುಗಳು ಎದ್ದು ಹಾರುತ್ತಿದ್ದವು! ಸುಳ್ಳಲ್ಲ ಮಕ್ಕಳೇ, ಗುಡವಿಯ ಕೆರೆಯ ಮೇಲೆ ಹಕ್ಕಿ ಸಾಲಾಗಿ ಹಾರುವ ಹಾಗೆ, ಬೆಳ್ಳಗೆ ಹೊಳೆಯುತ್ತ ಹಾರಿ, ಮತ್ತೆ ನೀರಿಗೆ ಬೀಳುತ್ತಿದ್ದವು. ನಾನು ಯಾರಿದ್ದಾರೆ ಎಂದೂ ನೋಡದೆ "ಅಯ್ಯೋ ಅಲ್ಲಿ! ಅಲ್ಲಿ!" ಎಂದು ಕೂಗಿಬಿಟ್ಟೆ. ಗಂಡಸರೆಲ್ಲ ತಿರುಗಿ ನೋಡಿದರು. ವಾಂತಿ ಅಲ್ಲಿಗೆ ನಿಂತಿತು.

ದೊಡ್ಡ ಹಡಗು ಮುಟ್ಟಿದ ಬಂದರಿನ ಊರೂ ದ್ವೀಪವೇ ಅಂತೆ, ಆದರೆ ಅಲ್ಲಿ ನೀರು ಒಂದೇ ಕಡೆ ಕಾಣುತ್ತಿದ್ದುದರಿಂದ ಅಕ್ಕೋರು ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಸಣ್ಣ ಹಡಗಿನ ದಿನಗಳು ಇನ್ನೂ ಚೆಂದ. ಒಂದರ ಹಿಂದೆ ಒಂದು ದ್ವೀಪ ಬರುತ್ತಿತ್ತು, ನೀರಿನ ಮೇಲೆ ಹಸಿರು ಮೊರ ಕವುಚಿಟ್ಟ ಹಾಗೆ. ಎಲ್ಲಿಯೂ ಇಳಿಸುತ್ತಿರಲಿಲ್ಲ, ದೂರದಿಂದ ತೋರಿಸುತ್ತಿದ್ದರು. ಅಕ್ಕೋರು ಕಟಕಟೆ ಹಿಡಿದು ನಿಂತು, "ಈ ಕಡಿ ನೀರು ಕಾಣತೈತಿ. ಆ ಕಡಿ?" ಎಂದು ಕತ್ತು ಉದ್ದ ಮಾಡುತ್ತಿದ್ದರು.

ಹುಣ್ಣಿಮೆಯ ದಿನವೇ ಆ ಕೊನೆಯ ದ್ವೀಪ ಬಂತು. ಬೆಳಿಗ್ಗೆ ನಾನು ಹಡಗಿನ ಅಡುಗೆಯವನ ಮುಂದೆ ನಿಂತು, ಕೈಸನ್ನೆಯಲ್ಲೇ ಅನ್ನ ಕೇಳಿದೆ. ಅವನು ಮೊದಲು ಸಾರು ಕೊಟ್ಟ, ಆಮೇಲೆ ಮೊಟ್ಟೆ ತೋರಿಸಿದ, ಕೊನೆಗೆ ನಗುತ್ತ ಅನ್ನವನ್ನೇ ಕೊಟ್ಟ. ಅದಕ್ಕೆ ಬೆಲ್ಲ, ಕೊಬ್ಬರಿ, ಹೋಳಿಗೆಯ ಚೂರು ಕಲಸಿ ಬುಟ್ಟಿ ತುಂಬಿಕೊಂಡೆ.

ದೋಣಿಗೆ ಇಳಿಯಲು ಹಡಗಿನ ಪಕ್ಕದಲ್ಲಿ ಏಣಿ ಇಳಿಬಿಟ್ಟಿದ್ದರು. ನಮ್ಮ ಜೊತೆಗಿದ್ದ ಹೆಡ್‌ಮಾಸ್ತರೊಬ್ಬರು ಅಕ್ಕೋರ ಕಾಲು ನೋಡಿ, "ನೀವು ಇಲ್ಲೇ ಕೂತು ದುರ್ಬೀನಿನಾಗ ನೋಡ್ರಿ ಅಕ್ಕೋರ. ದ್ವೀಪ ಎಲ್ಲಿಗೂ ಓಡಿಹೋಗಂಗಿಲ್ಲ" ಎಂದರು.

"ನಾನೂ ಓಡಂಗಿಲ್ಲ ಸರ್. ಅದಕ್ಕ ನಾನೇ ಹತ್ರ ಹೋಗ್ಬೇಕು" ಎಂದು ಅಕ್ಕೋರು ಏಣಿಗೆ ಬೆನ್ನು ತಿರುಗಿಸಿ ನಿಂತರು. ನಾನು ಕೆಳಗಿನಿಂದ ಒಂದೊಂದು ಪಾದವನ್ನೂ ಹಿಡಿದು ಮೆಟ್ಟಿಲ ಮೇಲೆ ಇಟ್ಟೆ. ದೋಣಿಯಲ್ಲಿ ಕೂತಾಗ ಅವರ ಮುಖ ಬೆವೆತು ಬಿಳಿಚಿಕೊಂಡಿತ್ತು.

ಆ ದೋಣಿಯ ತಳಕ್ಕೆ ಗಾಜು ಕೂರಿಸಿದ್ದರು. ಅದರೊಳಗೆ ಕಂಡದ್ದನ್ನು ಹೇಗೆ ಹೇಳಲಿ... ಹವಳದ ಗಿಡಗಳು, ಹೂಕೋಸಿನಂಥವು, ಜಿಂಕೆಕೊಂಬಿನಂಥವು. ಮದುವೆ ಮನೆಯ ರೇಷ್ಮೆ ಸೀರೆಗಳೆಲ್ಲ ಮೀನಾಗಿ ಓಡಾಡಿದ ಹಾಗೆ. ಮೇಷ್ಟ್ರುಗಳೆಲ್ಲ ಮಕ್ಕಳಂತೆ ಒಬ್ಬರ ತಲೆ ಒಬ್ಬರು ತಳ್ಳಿ ಬಗ್ಗುತ್ತಿದ್ದರು.

ದಡ ಬಂತು. ಅಲ್ಲಿ ಕಟ್ಟೆ ಇರಲಿಲ್ಲ. ಮೊಣಕಾಲುದ್ದದ ನೀರಿಗೆ ಹಾರಿ ನಡೆಯಬೇಕು. ದೋಣಿಯವನು ಅಕ್ಕೋರನ್ನು ನೋಡಿ ತಲೆಯಾಡಿಸಿದ. ಹಾರಿದರೆ ಕಾಲು ಮುರಿಯುತ್ತದೆ, ಇಲ್ಲೇ ಕೂರಲಿ ಎನ್ನುತ್ತಾನೆ ಎಂದು ಹೆಡ್‌ಮಾಸ್ತರು ತಿಳಿಸಿದರು. ಹುಣ್ಣಿಮೆಯ ದಿನ ಸಮುದ್ರ ಬಹಳ ಹಿಂದಕ್ಕೆ ಸರಿಯುತ್ತದಂತೆ. ತಡಮಾಡಿದರೆ ದೋಣಿ ಹವಳಕ್ಕೆ ಸಿಕ್ಕಿಕೊಳ್ಳುತ್ತದೆ ಎಂದು ದೋಣಿಯವನು ಅವಸರ ಮಾಡಿದ. ಅಷ್ಟು ದೂರ ಬಂದು, ದಡ ಅಲ್ಲೇ ಕಾಣುತ್ತಿರುವಾಗ, ಅಕ್ಕೋರು ಎತ್ತಿ ಕಟ್ಟಿದ್ದ ಸೆರಗು ಬಿಚ್ಚಿ ಮತ್ತೆ ಕೂತರು. ಅವರು ಸೋತು ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಮೊದಲು ನಾನೇ ಇಳಿದು ನೀರಿನ ಆಳ ನೋಡುತ್ತೇನೆ, ಆಮೇಲೆ ಅವರನ್ನು ಹೇಗಾದರೂ ಹೊತ್ತು ಇಳಿಸುತ್ತೇನೆ ಎಂದುಕೊಂಡು ಬುಟ್ಟಿ ಸೊಂಟಕ್ಕಿಟ್ಟುಕೊಂಡು ಹಾರಿದೆ. ನಾಲ್ಕು ಹೆಜ್ಜೆಗೆ ಮರಳು ಸಿಕ್ಕಿತು. ಎಷ್ಟೋ ದಿನಗಳ ನಂತರ ಕಾಲಿಗೆ ತೂಗದ ನೆಲ... ಎದುರಿಗೆ ಕೇದಗೆಯಂಥ ಗಿಡಗಳು. ಕೈ ತಾನಾಗೇ ಬುಟ್ಟಿಗೆ ಹೋಯಿತು. ತವರಿನ ಗದ್ದೆಯ ಬದುವಿನ ಮೇಲೆ ನಿಂತವಳಂತೆ, ತುಂಬಿದ ಹಿಡಿ ಎಡಕ್ಕೊಂದು ಬಲಕ್ಕೊಂದು ಬೀರಿಬಿಟ್ಟೆ.

ಕಿವಿ ಹರಿಯುವ ಹಾಗೆ ಸೀಟಿ ಕೇಳಿಸಿತು. ಮರದ ನೆರಳಿನಿಂದ ಅರಣ್ಯ ಇಲಾಖೆಯ ಗಾರ್ಡು ಕೂಗುತ್ತ ಓಡಿಬಂದ. ದೋಣಿಯಿಂದ ಇಳಿಯುತ್ತಿದ್ದವರನ್ನೆಲ್ಲ ಕೈ ಅಡ್ಡ ಮಾಡಿ ನಿಲ್ಲಿಸಿದ. ನನಗೆ ಹಿಂದಿ ಬರುತ್ತಿರಲಿಲ್ಲ. ಅಕ್ಕೋರು ದೋಣಿಯಿಂದಲೇ ಅವನ ಮಾತು ತಿಳಿಸಿದರು: "ತಂಗಿ, ಇಲ್ಲಿ ಹೊರಗಿನ ಒಂದು ಅಗುಳೂ ಬೀಳಂಗಿಲ್ಲಂತ. ಚೆಲ್ಲಿದ್ದನ್ನೆಲ್ಲ ಆರಿಸಿದ್ರ ಉಳಿದೋರು ಇಳೀಬೋದು. ಇಲ್ಲಾಂದ್ರ ದೋಣಿ ವಾಪಸ್ಸಂತ."

ನನಗೆ ಭೂಮಿ ಬಾಯಿಬಿಡಬಾರದೆ ಅನ್ನಿಸಿತು. ಅಳುತ್ತಲೇ ಕೂತು ಒಂದೊಂದೇ ಅಗುಳು ಆರಿಸತೊಡಗಿದೆ. ಬಿಳಿ ಮರಳಿನಲ್ಲಿ ಬಿಳಿ ಅನ್ನ! ಅಷ್ಟರಲ್ಲಿ ಸುತ್ತಲಿನ ಶಂಖಗಳೆಲ್ಲ ಕಾಲು ಬಂದು ನಡೆಯತೊಡಗಿದವು. ಶಂಖವನ್ನೇ ಮನೆಮಾಡಿಕೊಂಡು ಹೊತ್ತು ತಿರುಗುವ ಏಡಿಗಳು ಅವು. ಹೋಳಿಗೆಯ ವಾಸನೆಗೆ ಬಂದಿದ್ದವು.

"ಎಡಕ್ಕ ನೋಡು! ಅಲ್ಲಲ್ಲ, ನಿನ್ನ ಎಡಕ್ಕ!" ಅಕ್ಕೋರು ದೋಣಿಯಲ್ಲಿ ಎದ್ದು ನಿಂತು ಕೂಗುತ್ತಿದ್ದರು. "ಆ ದೊಡ್ಡದು ಹೊತ್ಕೊಂಡು ಹೊಂಟೈತಿ ಹಿಡಿಯೇ! ಏ, ಬಿಟ್ಯಲ್ಲ..."

ಹಿಂದೆ ನೀರು ಧಡ್ ಎಂದಿತು. ತಿರುಗಿ ನೋಡುವಷ್ಟರಲ್ಲಿ ಅಕ್ಕೋರು, ಸೀರೆ ಎದೆಯವರೆಗೆ ಒದ್ದೆಯಾಗಿ, ನನ್ನ ಪಕ್ಕದಲ್ಲಿ ಅಂಬೆಗಾಲಿಟ್ಟು ಏಡಿಯೊಂದರ ಬಾಯಿಂದ ಹೋಳಿಗೆ ಕಿತ್ತುಕೊಳ್ಳುತ್ತಿದ್ದರು.

"ಅಕ್ಕೋರೆ, ಎಂತಕ್ಕೆ ಇಳಿದ್ರಿ? ನಿಮ್ಮ ಕಾಲು!"

"ಮತ್ತೇನವ್ವಾ, ಎಲ್ಲಾ ತಿಂದು ಮುಗಸ್ತಿದ್ವಲ್ಲ ಇವು..." ಎಂದವರು ಮಾತು ಅರ್ಧಕ್ಕೇ ನಿಲ್ಲಿಸಿದರು. ತಮ್ಮ ಅಂಗೈ ನೋಡಿಕೊಂಡರು. ಮರಳು ಮೆತ್ತಿತ್ತು. ಹಿಂದೆ ತಿರುಗಿ ದೋಣಿಯಲ್ಲಿ ಖಾಲಿಯಾದ ತಮ್ಮ ಜಾಗ ನೋಡಿದರು. ಆಮೇಲೆ ಮೆಲ್ಲಗೆ, ಯಾರಾದರೂ ಕೇಳಿಸಿಕೊಂಡು ಕಸಿದುಕೊಂಡಾರು ಎಂಬಂತೆ, "ತಂಗಿ, ನಾನು ದ್ವೀಪದ ಮ್ಯಾಲೆ ಅದೀನಿ" ಎಂದರು.

ಹೆಡ್‌ಮಾಸ್ತರು ಚಪ್ಪಾಳೆ ತಟ್ಟಿದರು. ಗಾರ್ಡಿಗೆ ಏನೂ ಅರ್ಥವಾಗಲಿಲ್ಲ. ಅಕ್ಕೋರು ಕೂತಲ್ಲೇ ತಮ್ಮ ಶಾಲೆಯ ಹಿಂದಿಯಲ್ಲಿ ಅವನಿಗೆ ಹೇಳಿದರು: ಭೂಮಿ ಬಸುರಿ, ಇವತ್ತು ಅವಳ ಬಯಕೆಯ ದಿನ, ಈ ಹುಡುಗಿ ಬೇಕೆಂದು ತಪ್ಪು ಮಾಡಲಿಲ್ಲ, ಊಟ ಬಡಿಸಿದಳು ಅಷ್ಟೆ. ಅವನು ಟೋಪಿ ತೆಗೆದು ತಲೆ ಕೆರೆದು, ನನ್ನ ಬುಟ್ಟಿಯ ಚಿತ್ತಾರ ನೋಡಿ ಏನೋ ಹೇಳಿದ.

"ಏನಂತ್ರೀ?" ಎಂದೆ.

"ಇಲ್ಲೀ ಭೂಮಿಗೆ ಪಥ್ಯ ಐತಂತ ತಂಗಿ. ಸಮುದ್ರ ಕೊಟ್ಟಿದ್ದು ಬಿಟ್ಟರ ಬ್ಯಾರೇನೂ ಒಗ್ಗಂಗಿಲ್ಲಂತ."

ಅವನು ಹಾಗೆ ಹೇಳಿದ್ದೋ, ನನ್ನ ಅಳು ನಿಲ್ಲಿಸಲು ಅಕ್ಕೋರೇ ಹುಟ್ಟಿಸಿದ್ದೋ, ಇವತ್ತಿಗೂ ಗೊತ್ತಿಲ್ಲ. ಎಲ್ಲರೂ ಇಳಿದು ಆರಿಸಿದರು. ಬುಟ್ಟಿಯಲ್ಲಿ ಉಳಿದದ್ದನ್ನು ದೋಣಿಯ ಹತ್ತಿರ ನಿಂತು ಎಲ್ಲರೂ ತಿಂದೆವು. ದೋಣಿಯವನು ಎರಡನೇ ಸಲ ಕೈ ಒಡ್ಡಿದ. ಭೂಮ್ತಾಯಿಯ ಊಟ ಅವಳ ಮಕ್ಕಳ ಹೊಟ್ಟೆಗೆ ಹೋಯಿತು ಎಂದು ನನ್ನ ಮನಸ್ಸೂ ಹಗುರಾಯಿತು.

ಆಮೇಲೆ ಅಕ್ಕೋರು ನನ್ನ ಹೆಗಲು ಹಿಡಿದು ದಡಗುಂಟ ನಡೆದರು. ಒಂದು ಕಡೆ ನೀರು. ತಿರುವಿನಲ್ಲಿ ಇನ್ನೊಂದು ಕಡೆ ನೀರು, ಅಲ್ಲಿ ಬಣ್ಣ ಬೇರೆ. ಮೂರನೆಯ ಕಡೆ ಬಂದಾಗ ನೀರು ಕಂಡು ಇಬ್ಬರೂ ಹುಚ್ಚರಂತೆ ನಕ್ಕೆವು. ಮುಂದಕ್ಕೆ ಗಾರ್ಡು ಬಿಡಲಿಲ್ಲ. ಆ ಕಡೆ ಆಮೆಗಳು ಮೊಟ್ಟೆ ಇಡುವ ಜಾಗ, ಯಾರೂ ಹೋಗುವಂತಿಲ್ಲ ಎಂದ.

ನನಗೆ ಹೊಟ್ಟೆ ಉರಿಯಿತು. ಆದರೆ ಅಕ್ಕೋರು ಸೊಂಟಕ್ಕೆ ಕೈಕೊಟ್ಟು ನಿಂತು, "ಇರ್ಲಿ ಬಿಡು. ಮೂರು ನಾ ನೋಡೀನಿ. ನಾಲ್ಕನೇದು ಆಮಿ ನೋಡ್ಯಾವ" ಎಂದರು. ಹಾಗೆ ಹೇಳಿದಾಗ ಅವರ ಮುಖ... ನಿವೃತ್ತರಾದ ಹೆಂಗಸಿನ ಮುಖವಲ್ಲ ಅದು. ಬಸ್ಸಿನ ಕಿಟಕಿ ಪಕ್ಕ ಜಾಗ ಸಿಕ್ಕ ಮಗುವಿನ ಮುಖ.

ಊರಿಗೆ ಬಂದು ಅವರು ಹದಿನೈದು ದಿನ ಕಾಲಿಗೆ ಎಣ್ಣೆ ನೀವಿಸಿಕೊಂಡು ಮಲಗಿದ್ದರು. ಎದ್ದವರೇ ಹಳೆಯ ಶಾಲೆಗೆ ಹೋಗಿ, ಯಾರೂ ಕರೆಯದಿದ್ದರೂ ಒಂದು ಪಾಠ ಮಾಡಿ ಬಂದರು.

ಆಮೇಲೆ ಎಷ್ಟೋ ವರ್ಷ ಸಂಜೆ ನಮ್ಮ ಜಗಲಿಯಲ್ಲಿ ಕೂತಾಗ ಒಬ್ಬರು ಸುಮ್ಮನೆ "ಆ ನೀರು..." ಅನ್ನುವುದು, ಇನ್ನೊಬ್ಬರು "ಹ್ಞೂಂ" ಅನ್ನುವುದು. ಅಷ್ಟರಲ್ಲಿ ಎಲ್ಲ ಮುಗಿಯುತ್ತಿತ್ತು. ನಿಮ್ಮಜ್ಜ "ಎಂಥಾ ನೀರು, ನಮಗೂ ಹೇಳ್ರಿ" ಎಂದು ರೇಗಿಸುತ್ತಿದ್ದರು.

ಈಗ ನಿಮ್ಮಜ್ಜನೂ ಇಲ್ಲ. ಅಕ್ಕೋರು ಕೊನೆಗಾಲದಲ್ಲಿ ತಮ್ಮನ ಮನೆಗೆ ಹೋದವರು ಅಲ್ಲೇ ತೀರಿಕೊಂಡರು. ಸುದ್ದಿ ನನಗೆ ತಡವಾಗಿ ಬಂತು, ಮಣ್ಣಿಗೆ ಹೋಗಲಾಗಲಿಲ್ಲ. ಎದುರು ಮನೆ ಕೆಡವಿ ಅಂಗಡಿ ಕಟ್ಟಿದ್ದಾರೆ. ಆಗಲೇ ಕಥೆಯ ನಡುವೆ ನೀವು ಆ ಸಮುದ್ರದ ಬಣ್ಣ ಯಾವುದು ಅಜ್ಜಿ ಎಂದು ಕೇಳಿದಿರಿ. ನೀಲಿ ಎಂದೆ. ಅಲ್ಲ, ಹಸಿರು ಎಂದೆ. ಎರಡೂ ಅಲ್ಲ ಮಕ್ಕಳೇ. ಅಕ್ಕೋರಿದ್ದಾಗ ಅದಕ್ಕೆ ಹೆಸರು ಹುಡುಕುವ ಕೆಲಸವೇ ಇರಲಿಲ್ಲ.